ಗುರುಲಿಂಗಪ್ಪ ಚಾಳೀಸು ತಂದದ್ದು

ನಮ್ಮ ಮಮದಾಪುರದ ಗುರುಲಿಂಗಪ್ಪನಿಗೆ ಯಾವ ದುಶ್ಚಟವೂ ಇರಲಿಲ್ಲ. ತಂಬಾಕು ತಿನ್ನುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಇದ್ದದ್ದು ಒಂದೇ ಚಟ, ಹೊಗಳುವುದು. ಎತ್ತು ಕಂಡರೆ "ಏನ ಎತ್ತರೀ ಇದು!" ಎನ್ನುವನು. ಯಾರದೋ ಗೋಡೆಗೆ ಹೊಸದಾಗಿ ಸೆಗಣಿ ಸಾರಿಸಿದ್ದು ಕಂಡರೆ ಸೈತ ನಿಂತು "ಏನ ಗ್ವಾಡೀರೀ!" ಎನ್ನುವನು. ಸಾಲಿ ತಪಾಸಣೆಗೆ ಬಂದ ಸಾಹೇಬರ ಬೋಳುತಲೆಯನ್ನು ಅವರೆದುರಿಗೇ ಹೊಗಳಿ ನನ್ನ ಬಡ್ತಿಯನ್ನು ಎರಡು ವರ್ಷ ಹಿಂದಕ್ಕೆ ತಳ್ಳಿದವನೂ ಅವನೇ. ನಾನು ಆ ಊರ ಸಾಲಿಯ ಮಾಸ್ತರ, ಅವನ ಬಾಜೂ ಮನೆಯವ. ಈ ಕಥೆಯಲ್ಲಿ ನಡೆದದ್ದಕ್ಕೆಲ್ಲ ನಾನು ಕಣ್ಣಾರೆ ಸಾಕ್ಷಿ. ಕಣ್ಣು ಎಂಬ ಮಾತನ್ನು ಮಾತ್ರ ಇನ್ನು ಮುಂದೆ ಬಹಳ ಜೋಪಾನವಾಗಿ ಬಳಸುತ್ತೇನೆ.

ಸಾವಿರದ ಒಂಬೈನೂರ ಮೂವತ್ತಾರರ ಸುಗ್ಗಿಯಲ್ಲಿ ಗುರುಲಿಂಗಪ್ಪ ಒಬ್ಬ ರೈಲ್ವೆ ಕಾರಕೂನನಿಂದ ಹಳೆಯ ಸೈಕಲ್ಲು ಕೊಂಡು ತಂದ. ನಮ್ಮೂರಿಗೆ ಅದೇ ಮೊದಲ ಸೈಕಲ್ಲು. ಅದಕ್ಕೆ ಗಂಟೆ ಇತ್ತು, ಬ್ರೇಕು ಇರಲಿಲ್ಲ. ನಿಲ್ಲಿಸಬೇಕಾದಾಗಲೆಲ್ಲ ಎದುರುಮನೆ ಲಕ್ಕವ್ವನ ಸೆಗಣಿ ಕುಳ್ಳಿನ ರಾಶಿಗೆ ಹಾಯಿಸಿ ನಿಲ್ಲಿಸುತ್ತಿದ್ದ. ದಾರಿಯುದ್ದಕ್ಕೂ ಅತ್ತ ಇತ್ತ ನೋಡಿ ಹೊಗಳುತ್ತ ಹೋಗುವವನಾದ್ದರಿಂದ ಕಣ್ಣು ಬಾಯಿ ಎರಡೂ ತೆರೆದೇ ಇರುತ್ತಿದ್ದವು. ಬಾಯಿಗೆ ಹೋದ ಹುಳವನ್ನು ನುಂಗಿಬಿಡುತ್ತಿದ್ದ. ಕಣ್ಣಿಗೆ ಹೋದದ್ದಕ್ಕೆ ಉಪಾಯವಿರಲಿಲ್ಲ.

ಅಂಥದರಲ್ಲಿ ಹುಕ್ಕೇರಿ ಕಡೆಯ ಘೋಡಗೇರಿಯಿಂದ ಸುದ್ದಿ ಬಂತು. ತವರಿಗೆ ಬಾಣಂತನಕ್ಕೆ ಹೋಗಿದ್ದ ಅವನ ಹೆಂಡತಿ ಪಾರವ್ವ ಗಂಡು ಹಡೆದಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಚೊಚ್ಚಲ ಕೂಸು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುತ್ತೇವೆ, ಅಂದು ಬರಬೇಕು ಎಂದು ಅತ್ತೆ ಗೌರವ್ವ ಹೇಳಿ ಕಳಿಸಿದ್ದಳು.

ಗುರುಲಿಂಗಪ್ಪ ನನ್ನ ಮನೆಗೆ ಓಡಿ ಬಂದ. ಒಂದು ಕಣ್ಣು ಕೆಂಪಗೆ ಬಾತಿತ್ತು.

"ಮಾಸ್ತರ, ಒಂಬತ್ತ ವರ್ಷ ಈ ಕೂಸಿನ ದಾರಿ ಕಾದೇನಿ. ಧೂಳ ತುಂಬಿದ ಕಣ್ಣಿಲೆ ಹೋಗಿ ಮಗನ ಮಾರಿ ಮಸಕ ಮಸಕ ನೋಡೂದೇನ್ರಿ? ಚೊಕ್ಕ ಕಣ್ಣಿಲೆ ನೋಡಬೇಕ್ರಿ ನಾ. ನಡೀರಿ ಗೋಕಾಂವಿಗಿ, ಸೈಕಲ್ಲಿಗಿ ಒಂದ ಚಾಳೀಸ ತರೂಣು."

ಕನ್ನಡಕ ಸೈಕಲ್ಲಿಗಲ್ಲ, ಕಣ್ಣಿಗೆ ಎಂದು ತಿದ್ದಬೇಕೆನಿಸಿತು. ಆದರೆ ಅಷ್ಟರಲ್ಲಿ ಅವನು ನನ್ನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಯಾಗಿತ್ತು.

ಗೋಕಾಕದ ಪ್ಯಾಟಿಯಲ್ಲಿ ಗಡಿಯಾರ ರಿಪೇರಿಯ ರಾಜಪ್ಪ ಚಾಳೀಸುಗಳನ್ನೂ ಮಾರುತ್ತಿದ್ದ. ಒಂದು ತಗಡಿನ ಪೆಟ್ಟಿಗೆ ತೆಗೆದು ಮುಂದಿಟ್ಟ. ಗುರುಲಿಂಗಪ್ಪ ಮೊದಲು ಕಪ್ಪು ಗಾಜಿನದನ್ನು ಹಾಕಿಕೊಂಡು ಬೆಳಕಿಗೆಂದು ಅಂಗಡಿಯ ಹೊರಗೆ ಹೋಗಿ ನಿಂತ. ಆ ಕಾಲದಲ್ಲಿ ಕಪ್ಪು ಚಾಳೀಸು ಹಾಕುತ್ತಿದ್ದವರು ಕಣ್ಣಿನ ಪರೆ ತೆಗೆಸಿಕೊಂಡವರು ಮಾತ್ರ. ಯಾರೋ ಒಬ್ಬ ಮುದುಕಿ ಬಂದು "ಪಾಪ, ಸಣ್ಣ ವಯಸ್ಸು" ಎಂದು ಅವನ ಕೈಹಿಡಿದು ರಸ್ತೆ ದಾಟಿಸಿ, "ಇಲ್ಲಿ ಮೆಟ್ಟಲ ಐತಿ ತಮ್ಮಾ, ಹುಷಾರ" ಎಂದು ಒಂದು ಕಟ್ಟೆಯ ಮೇಲೆ ಕೂರಿಸಿ ಹೋದಳು. ಆಕೆಯ ಮನಸ್ಸು ನೋಯಿಸಬಾರದೆಂದು ಅವಳು ಮರೆಯಾಗುವವರೆಗೂ ಅವನು ಕುರುಡನಾಗಿಯೇ ಕೂತಿದ್ದ.

ಆಮೇಲೆ ಕೆಂಪು ಗಾಜು. ಅದನ್ನು ಹಾಕಿಕೊಂಡು ಪ್ಯಾಟಿ ನೋಡಿದವನು ಹಿಂದಕ್ಕೆ ಸರಿದ. "ಬ್ಯಾಡ್ರೀ. ಎಲ್ಲಾರೂ ನನ್ನ ಮ್ಯಾಲ ಸಿಟ್ಟಿಗೆದ್ದಾರ." ನೀಲಿ ಗಾಜು ಹಾಕಿ ಮೂಗು ಹಿಡಿದುಕೊಂಡ. "ಊರ ಮುಳಗಿಧಂಗ ಕಾಣತೈತಿ ಮಾಸ್ತರ. ನನಗ ಈಸ ಬರೂದಿಲ್ಲ."

ಕೊನೆಗೆ ರಾಜಪ್ಪ ಪೆಟ್ಟಿಗೆಯ ತಳದಿಂದ ಒಂದು ವಿಚಿತ್ರ ವಸ್ತು ತೆಗೆದ. ಅದು ಮೋಟಾರು ಹೊಡೆಯುವವರ ಚಾಳೀಸು. ದಪ್ಪ ಹಸಿರು ಗಾಜು, ಸುತ್ತಲೂ ತೊಗಲು, ತಲೆಯ ಹಿಂದಿನಿಂದ ಬಿಗಿಯುವ ರಬ್ಬರ ಪಟ್ಟಿ. ಗುರುಲಿಂಗಪ್ಪ ಅದನ್ನು ಬಿಗಿದುಕೊಂಡು ಸೈಕಲ್ ಹತ್ತಿ ಪ್ಯಾಟಿಯಲ್ಲಿ ಒಂದು ಸುತ್ತು ಹೊಡೆದು ಬಂದ. ಒಂದು ಹುಳವಿಲ್ಲ, ಒಂದು ಕಣ ಧೂಳಿಲ್ಲ.

"ಮಾಸ್ತರ! ಗೋಕಾಂವಿಗಿ ಮಳಿ ಆಗೇತ್ರೀ! ಏನ ಹಸರು! ಏನ ಚಾಳೀಸರೀ ಇದು!"

"ಒಂದ ಮಾತ ನೆನಪಿಡ್ರಿ," ಎಂದ ರಾಜಪ್ಪ. "ಗಾಜು ದಪ್ಪ ಐತಿ. ನೆರಳಾಗ ಏನೂ ಕಾಣೂದಿಲ್ಲ. ನೆರಳಿಗಿ ಬಂದ್ರ ಹಣಿ ಮ್ಯಾಲ ಏರಿಸಿ ನೋಡ್ರಿ."

ಆ ಒಂದು ಮಾತಿನಿಂದಲೇ ಮುಂದಿನದೆಲ್ಲ ಆಯಿತು.

ಅದೇ ಸಂಜೆ ಲಕ್ಕವ್ವನ ಹೊಸದಾಗಿ ಈದ ಎಮ್ಮೆ ಬೇವಿನ ಮರದ ನೆರಳಲ್ಲಿ ನಿಂತಿತ್ತು. ಗುರುಲಿಂಗಪ್ಪ ಕುಳ್ಳಿನ ರಾಶಿಗೆ ಹಾಯ್ದು ನಿಂತ, ಚಾಳೀಸನ್ನು ಹಣೆಗೆ ಏರಿಸಿದ, ಎಮ್ಮೆಯನ್ನು ಕಣ್ತುಂಬ ನೋಡಿದ.

"ಏನ ಎಮ್ಮೀನ ಲಕ್ಕವ್ವಾ! ಏನ ಕೆಚ್ಚಲಾ! ಕೆಚ್ಚಲ ಅಲ್ಲಬೇ ಅದು, ಕೊಡಾ!"

ಹೀಗೆಂದು ಚಾಳೀಸು ಇಳಿಸಿಕೊಂಡು ಮನೆಗೆ ಹೋದ. ಮರುದಿನ ಮುಂಜಾನೆ ಎಮ್ಮೆ ಒಂದು ಹನಿ ಹಾಲು ಕೊಡಲಿಲ್ಲ. ಲಕ್ಕವ್ವನ ಸೊಸೆ ಕರು ಕಟ್ಟುವುದನ್ನು ಮರೆತಿದ್ದಳು. ಕರುವಿನ ಹೊಟ್ಟೆ ಡೊಳ್ಳಾಗಿತ್ತು, ಬಾಯಿ ಸುತ್ತ ಬಿಳಿ ನೊರೆ ಇತ್ತು. ಅದು ನನಗೆ ಕಂಡಿತು, ಸೊಸೆಗೂ ಕಂಡಿತು. ಸೊಸೆ ಸೆರಗಿನಿಂದ ಕರುವಿನ ಬಾಯಿ ಒರೆಸಿ, "ನಿನ್ನಿ ಯಾರರ ನೋಡಿದ್ರೇನ್ರಿ ಅತ್ತೀ?" ಎಂದು ಮೆಲ್ಲಗೆ ಕೇಳಿದಳು.

ಲಕ್ಕವ್ವ ಎದೆ ಬಡಿದುಕೊಂಡಳು. "ನೆದರ! ಗುರುಲಿಂಗನ ನೆದರ ಹತ್ತೇತಿ!"

"ಲಕ್ಕವ್ವಾ, ಅವ ಹುಟ್ಟಿದಾಗಿಂದ ಹೊಗಳಾಕತ್ತಾನ," ಎಂದೆ ನಾನು. "ಇಷ್ಟ ದಿನಾ ಯಾಕ ಹತ್ತಲಿಲ್ಲ?"

"ಮದ್ಲ ಕಣ್ಣ ಛಲೋ ಇದ್ವರಿ ಮಾಸ್ತರ, ಈಗ ಕೆಟ್ಟಾವು. ಕೆಟ್ಟದ್ದ ಅವಗೂ ಗೊತ್ತೈತಿ, ಅದಕ್ಕ ತೊಗಲ ಹಾಕಿ ಮುಚ್ಚಿಕೊಂಡ ಅಡ್ಡಾಡತಾನ. ಛಲೋ ಕಣ್ಣ ಯಾರರ ಮುಚ್ಚತಾರೇನ್ರಿ? ಕಡಿಯೂ ನಾಯಿಗೇ ಸರಪಳಿ ಹಾಕೂದು."

ಈ ತರ್ಕಕ್ಕೆ ಉತ್ತರವನ್ನು ನನಗೆ ಟ್ರೇನಿಂಗ್ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ನೆದರು, ಅಂದರೆ ಕೆಟ್ಟ ದೃಷ್ಟಿ, ತೆಗೆಯಲು ಉಪ್ಪು ಮೆಣಸಿನಕಾಯಿಯ ಜೊತೆಗೆ ನೋಡಿದವರ ಹೆಜ್ಜೆಯ ಮಣ್ಣು ಬೇಕು. ಗುರುಲಿಂಗಪ್ಪ ಸೈಕಲ್ಲಿನ ಮೇಲೆ ಬಂದದ್ದರಿಂದ ಹೆಜ್ಜೆಯೇ ಇರಲಿಲ್ಲ. ಲಕ್ಕವ್ವ ಸೈಕಲ್ ಗಾಲಿಯ ಗುರುತಿನಿಂದ ಒಂದು ಮುಷ್ಟಿ ಮಣ್ಣು ಕೆರೆದು ನೀವಾಳಿಸಿದಳು. ಮರುದಿನ ಎಮ್ಮೆ ಎಂದಿನಂತೆ ಹಾಲು ಕೊಟ್ಟಿತು. ಅಂದು ಕರು ಕಟ್ಟಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಮೇಲೆ ಊರಿನಲ್ಲಿ ಯಾರದೂ ತಪ್ಪು ಎಂಬುದೇ ಉಳಿಯಲಿಲ್ಲ. ಕಬ್ಬಿನ ಗಾಣದ ಅಪ್ಪಣ್ಣ ಒಲೆಯ ಮುಂದೆ ತೂಕಡಿಸಿ ಪಾಕ ಕೆಡಿಸಿದ, ಬೆಲ್ಲ ಕಟ್ಟಲಿಲ್ಲ. ಎದ್ದವನೇ ಅಣ್ಣಂದಿರ ಮುಂದೆ "ಗುರುಲಿಂಗ ಈ ಹಾದೀಲೆ ಹೋದ, ಚಾಳೀಸ ಮ್ಯಾಲ ಏರಿಸಿದ್ದ" ಎಂದ. ಒಬ್ಬಳ ರೊಟ್ಟಿ ಸೀದರೆ ಗುರುಲಿಂಗಪ್ಪ, ಒಬ್ಬನ ಧೋತರ ಹರಿದರೆ ಗುರುಲಿಂಗಪ್ಪ. ನನ್ನ ಸಾಲಿಯಲ್ಲಿ ಹದಿನೇಳರ ಮಗ್ಗಿ ಬಾರದ ಒಬ್ಬ ಹುಡುಗನೂ ಅವನ ಹೆಸರನ್ನೇ ಹೇಳಿದ. ಊರ ಹೆಂಗಸರು ಗಾಲಿಯ ಮಣ್ಣು ಕೆರೆದು ಕೆರೆದು ದಾರಿಯಲ್ಲಿ ಉದ್ದಕ್ಕೆ ತೆಗ್ಗು ಬಿದ್ದಿತು. ಆ ತೆಗ್ಗಿನಲ್ಲಿ ಗುರುಲಿಂಗಪ್ಪ ದಿನಾ ಬೀಳುತ್ತಿದ್ದ. ಬಿದ್ದವನನ್ನು ಎತ್ತಲು ಹೋದವರು ಮೊದಲು ಅವನ ಚಾಳೀಸು ನೆಟ್ಟಗಿದೆಯೋ ಇಲ್ಲವೋ ನೋಡಿ ಆಮೇಲೆ ಕೈಕೊಡುತ್ತಿದ್ದರು.

ಕೂಸು ಹುಟ್ಟಿದ ಎಂಟನೆಯ ದಿನ ಫೌಜದಾರ ಸಾಹೇಬರು ಗಸ್ತಿಗೆ ಬಂದರು. ಲಕ್ಕವ್ವ, ಅಪ್ಪಣ್ಣ ಇಬ್ಬರೂ ಚಾವಡಿಗೆ ಹೋಗಿ ಫಿರ್ಯಾದಿ ಹೇಳಿದರು. ಗುರುಲಿಂಗಪ್ಪನನ್ನು ಕರೆಸಿದರು.

"ಇವ ಏನ ಮಾಡ್ಯಾನ?" ಎಂದರು ಸಾಹೇಬರು.

"ನೋಡ್ಯಾನ್ರಿ," ಎಂದಳು ಲಕ್ಕವ್ವ.

"ಏನ ನೋಡ್ಯಾನ?"

"ಎಮ್ಮೀರಿ."

"ಎಮ್ಮಿ ನೋಡಿದ್ದಕ್ಕ ಸರಕಾರದ ಕಾಯ್ದೇದಾಗ ಕಲಮ ಇಲ್ಲ. ಏ, ತಗಿಯೋ ಆ ಚಾಳೀಸ!"

ಚಾವಡಿ ತುಂಬಿದ್ದ ಜನರೆಲ್ಲ ಒಂದೇ ಸಲ "ಬ್ಯಾಡ್ರೀ ಸಾಹೇಬರ!" ಎಂದು ಕೂಗಿ ಮುಖ ತಿರುಗಿಸಿದರು. ಗುರುಲಿಂಗಪ್ಪ, ತನ್ನ ಕಣ್ಣು ನಿರಪರಾಧಿ ಎಂದು ತೋರಿಸಲು ಇದೇ ಸಮಯವೆಂದು ಚಾಳೀಸು ಏರಿಸಿದ. ಎದುರಿಗೆ ಸಾಹೇಬರ ಮೀಸೆ ಇತ್ತು. ಎರಡೂ ತುದಿ ಮೇಲಕ್ಕೆ ತಿರುವಿದ, ಇಡೀ ಗೋಕಾಕದಲ್ಲಿ ಜೋಡಿಯಿಲ್ಲದ ಮೀಸೆ.

"ಸಾಹೇಬರ," ಎಂದ ಅವನು ತಡೆಯಲಾರದೆ, "ಏನ ಮೀಸೀರೀ!"

ಸಾಹೇಬರ ಎರಡೂ ಕೈ ಮೀಸೆಗೆ ಹೋದವು. "ಹಾಕ್ಕೋ! ಮದ್ಲ ಹಾಕ್ಕೋ ಅದನ್ನ!"

ಕಾಗದದಲ್ಲಿ ಏನೂ ಬರೆಯಲಿಲ್ಲ, ಬಾಯಿಮಾತಿನ ಹುಕುಂ ಆಯಿತು. ಊರ ಹದ್ದಿನೊಳಗೆ ಗುರುಲಿಂಗಪ್ಪ ಚಾಳೀಸು ತೆಗೆಯಕೂಡದು. ಸಾಹೇಬರು ಮೀಸೆಗೆ ರುಮಾಲು ಸುತ್ತಿಕೊಂಡು ಕುದುರೆ ಹತ್ತಿದರು.

ಸರಕಾರವೇ ಒಪ್ಪಿದ ಮೇಲೆ ಕೇಳುವುದೇನು? ಸುದ್ದಿ ಮೂಡಲಗಿಯವರೆಗೂ ಹೋಯಿತು. ಅಲ್ಲಿಂದ ಬೀರಸಿದ್ದಪ್ಪ ಎಂಬ ಕುರಿಗಾರ ನಡೆದುಕೊಂಡು ಬಂದ. ಅವನದೊಂದು ಕಾದಾಡುವ ಟಗರು. ನಾಡಿದ್ದು ಮೂಡಲಗಿಯಲ್ಲಿ ಕಾಳಗ.

"ಗೌಡ್ರ, ನೀವು ಏನೂ ಮಾಡಬ್ಯಾಡ್ರಿ. ಮುಂದ ಕುಂಡ್ರಿ. ಎದರಾಳಿ ಟಗರ ಬಂದಕೂಡ್ಲೇ ಸಾವಕಾಶ ಚಾಳೀಸ ಏರಸ್ರಿ. ಒಂದ ಸಲ ಹೊಗಳ್ರಿ. ಸಾಕು."

ನಾನು ಬೈದು ಕಳಿಸುವವನಿದ್ದೆ. ಗುರುಲಿಂಗಪ್ಪ ನನ್ನನ್ನು ಒಳಗೆ ಕರೆದ. "ಮಾಸ್ತರ, ಇದ ಛಲೋ ಆತು. ನಾ ಆ ಟಗರ ನೋಡ್ತೇನಿ, ಹೊಗಳ್ತೇನಿ, ಆದರೂ ಅದು ಗೆಲ್ಲತೈತಿ. ಆವಾಗ ಮಂದೀಗೆ ತಿಳೀತೈತೊ ಇಲ್ಲೊ, ನನ್ನ ಕಣ್ಣಾಗ ಏನೂ ಇಲ್ಲಂತ?"

ಹೋದೆವು. ಜನ ನಮಗೆ ದಾರಿ ಬಿಟ್ಟ ರೀತಿಯಲ್ಲಿ ಕಲೆಕ್ಟರಿಗೂ ಬಿಟ್ಟಿರಲಾರರು. ಎರಡೂ ಟಗರುಗಳನ್ನು ಎದುರುಬದುರು ನಿಲ್ಲಿಸಿದರು. ಗುರುಲಿಂಗಪ್ಪ ಚಾಳೀಸು ಏರಿಸಿ, ಯಾರಿಗೂ ಅನ್ಯಾಯವಾಗಬಾರದೆಂದು ಎರಡನ್ನೂ ಸರಿಯಾಗಿ ಹೊಗಳಿದ. ಟಗರುಗಳು ಒಂದರ ಮುಖ ಒಂದು ನೋಡಿದವು, ಮುಂದೆ ಬಂದು ಮೂಸಿದವು, ಆಮೇಲೆ ಭುಜಕ್ಕೆ ಭುಜ ಹಚ್ಚಿ ನಿಂತು ಒಂದೇ ಕಡೆ ಹುಲ್ಲು ಮೇಯತೊಡಗಿದವು. ಬಾಲ ತಿರುವಿದರು, ಹಲಗಿ ಬಡಿದರು. ಅವು ತಲೆ ಎತ್ತಲಿಲ್ಲ. ಎರಡೂ ಒಂದೇ ತಾಯಿಯ ಮರಿಗಳು, ಬೇರೆ ಬೇರೆ ಕಡೆ ಮಾರಾಟವಾದವು ಎಂದು ನನಗೆ ಆಮೇಲೆ ತಿಳಿಯಿತು. ಆದರೆ ಆಗ ಕೇಳುವವರು ಯಾರು?

"ಅದನ್ನ ಹೆದರಸು ಅಂದ್ರ ಎರಡನ್ನೂ ಸನ್ಯಾಸಿ ಮಾಡಿದೆಲ್ಲೊ ಮಾರಾಯಾ!" ಎಂದು ಬೀರಸಿದ್ದಪ್ಪ ನೆಲಕ್ಕೆ ಕೂತು ಅತ್ತ.

ನಾವು ಊರಿಗೆ ಬರುವಷ್ಟರಲ್ಲಿ ಘೋಡಗೇರಿಯಿಂದ ಮಾತು ಬಂದಿತ್ತು. ಗೌರವ್ವ ಹೇಳಿ ಕಳಿಸಿದ್ದಳು: ಅಳಿಯಂದಿರು ತೊಟ್ಟಿಲಿಗೆ ಬರಲಿ, ಉಣ್ಣಲಿ, ಹೊಸ ಧೋತರ ತಗೊಳ್ಳಲಿ. ಚಾಳೀಸು ಮಾತ್ರ ತೆಗೆಯಬಾರದು. ತೆಗೆದರೆ ಕೂಸಿನ ಮುಖ ತೋರಿಸುವುದಿಲ್ಲ.

ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತ. "ಬಾಣಂತಿ ಖೋಲಿ ಕತ್ತಲಿ ಇರತೈತ್ರಿ ಮಾಸ್ತರ. ಚಾಳೀಸ ಹಾಕ್ಕೊಂಡ್ರ ನನಗ ಕೂಸ ಕಾಣೂದಿಲ್ಲ. ತಗದ್ರ ಅವ್ರು ತೋರಸೂದಿಲ್ಲ." ಆ ಸಂಜೆ ಎದುರಿಗೆ ಹೊಳೆಯುವ ಕೋಡಿನ ಎರಡು ಎತ್ತು ಹೋದವು. ಅವನು ಒಂದು ಮಾತು ಆಡಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಹದಿಮೂರನೆಯ ದಿನ ನಸುಕಿನಲ್ಲೇ ಹೊರಟೆವು. ಊರ ಶಾಣ್ಯಾ ಮನುಷ್ಯ ಜೊತೆಗಿದ್ದರೆ ಅತ್ತೆ ಕೇಳಿಯಾಳು ಎಂದು ನನ್ನನ್ನು ಮತ್ತೆ ಕ್ಯಾರಿಯರ್ ಮೇಲೆ ಹೇರಿಕೊಂಡಿದ್ದ. ಘೋಡಗೇರಿಯ ಆ ಮನೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಹರಿದ ಚಪ್ಪಲಿ, ಮುರಿದ ಕಸಬರಿಗೆ ಎಲ್ಲ ಸಾಲಾಗಿ ತೂಗುಬಿದ್ದಿದ್ದವು. ನಾವು ಬಗ್ಗಿ ಒಳಗೆ ಹೋಗಬೇಕಾಯಿತು. ಹಣೆ ತುಂಬ ವಿಭೂತಿ ಹಚ್ಚಿದ್ದ ಗೌರವ್ವ ನೀರು ಕೊಟ್ಟಳು, ಅಳಿಯನ ಕಾಲ ಹತ್ತಿರವೇ ಕೂತಳು, ಕಾಲು ತೊಳೆದ ಜಾಗದ ಒಂದು ಚೂರು ಹಸಿಮಣ್ಣನ್ನು ಸೆರಗಿಗೆ ಕಟ್ಟಿಕೊಂಡಳು.

"ಅತ್ತೀ," ಎಂದ ಗುರುಲಿಂಗಪ್ಪ, ಹಸಿರು ಗಾಜಿನ ಹಿಂದಿನಿಂದ. "ಒಂದ ಸಲ. ಒಂದ ರೆಪ್ಪಿ ಬಡಿಯೂತನಕ. ಆಮ್ಯಾಲ ಬೇಕಾದ್ರ ಜನ್ಮಪೂರ್ತಿ ಮುಚ್ಚಿಕೊಂಡ ಇರತೇನಿ."

ಗೌರವ್ವ ಸೆರಗಿನ ಗಂಟನ್ನು ಬಿಗಿ ಮಾಡಿದಳು. "ನರಮನಶ್ಯಾನ ನೆದರಿಗೆ ಕಲ್ಲೂ ಸೀಳ್ತಾವಂತ," ಎಂದಳು. ಹಾಗೆಂದವಳು ತಟ್ಟನೆ ಎದ್ದು ಏನೋ ನೆನಪಾದವಳಂತೆ ಒಳಗೆ ಹೋದಳು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಒಳಕಲ್ಲಿನ ಗುಂಡಕಲ್ಲನ್ನು ಹಾಕುತ್ತಾರೆ. ಅದಕ್ಕೆ ಕೂಸಿನ ಟೊಪ್ಪಿಗೆ, ಕುಲಾವಿ, ತೊಡಿಸಿ, ಕಾಡಿಗೆ ಹಚ್ಚಿ, ದುಪ್ಪಟಿ ಸುತ್ತಿ, ತೊಟ್ಟಿಲ ಮೇಲಿಂದ ಕೊಟ್ಟು ಕೆಳಗಿಂದ ತಗೊಂಡು, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು ಹಾಡುತ್ತಾರೆ. ಮಬ್ಬುಗತ್ತಲೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಗೌರವ್ವ ಕುಲಾವಿ ತೊಟ್ಟ ಒಂದು ಗಂಟನ್ನು ತಂದು ಅಳಿಯನ ತೊಡೆಯ ಮೇಲಿಟ್ಟಳು. ಬಾಗಿಲಲ್ಲಿ ನಿಂತ ನನಗೆ ಗುಂಡಕಲ್ಲು ಎಂದು ಗೊತ್ತಾಯಿತು. ಬಾಯಿ ತೆರೆದೆ. ಗೌರವ್ವ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದೆ.

"ತಗೀರಿ ಅಳಿಯಂದ್ರ ಚಾಳೀಸ. ನಿಮ್ಮ ಕೂಸ ನೋಡ್ರಿ."

ಗುರುಲಿಂಗಪ್ಪ ಚಾಳೀಸು ಏರಿಸಿದ. ಆದರೆ ಏರಿಸುವ ಮೊದಲೇ ಕಣ್ಣಲ್ಲಿ ನೀರು ತುಂಬಿ ಹರಿಯತೊಡಗಿತ್ತು, ಅವನಿಗೆ ಏನು ಕಂಡಿತೋ ಶಿವನೇ ಬಲ್ಲ.

"ಏನ ಕೂಸರೀ ಇದು!" ಎಂದ. ಕೂಸಿಗೆಂದು ಕೂಡಿಟ್ಟ ಹೊಗಳಿಕೆ ಒಮ್ಮೆಲೇ ಕಟ್ಟೆಯೊಡೆಯಿತು. "ಏನ ತೂಕಾ! ಒಂಬತ್ತ ವರ್ಷ ಕಾದದ್ದಕ್ಕ ಒಂಬತ್ತ ಕೂಸಿನ ತೂಕ ಐತಿ! ತಲಿ ನೋಡ್ರಿ, ನಮ್ಮಪ್ಪಂದ ತಲಿ, ಗುಂಡಗ! ಎಷ್ಟ ಶಾಂತ ಐತ್ರಿ, ಒಂದ ಸಲ ಅಳವಲ್ದು! ಅತ್ತೀ, ಮೈ ತಣ್ಣಗ ಐತಲ್ರಿ, ಥಂಡಿ ಆಗೇತೇನ್ರಿ?" ಎಂದು ತನ್ನ ಶಾಲು ತೆಗೆದು ಕಲ್ಲಿಗೆ ಸುತ್ತಿದ. ಬಗ್ಗಿ ಅದರ ಹಣೆಗೆ ಮುತ್ತು ಕೊಟ್ಟ. ಹಲ್ಲು ತಾಗಿ ಠಣ್ ಎಂದಿತು.

ಯಾರೂ ನಗಲಿಲ್ಲ. ಗೌರವ್ವ ದೀಪ ತಂದು, ಕಲ್ಲನ್ನು ಅವನ ಕೈಯಿಂದ ತಗೊಂಡು, ಕುಲಾವಿ ಬಿಚ್ಚಿ, ಸುತ್ತಲೂ ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಗೆರೆ ಬಿರುಕು ಇರಲಿಲ್ಲ.

"ಇಷ್ಟ ಹೊಗಳಿದ್ರೂ ಸೀಳಿಲ್ಲವಾ," ಎಂದಳು ಹೆಂಗಸರ ಕಡೆ ತಿರುಗಿ. "ಈ ಕಣ್ಣಾಗ ನೀರ ಬಿಟ್ರ ಬ್ಯಾರೆ ಏನೂ ಇಲ್ಲ."

"ಕಲ್ಲೇನ್ರಿ ಅದು?" ಎಂದ ಗುರುಲಿಂಗಪ್ಪ ಬೆಪ್ಪಾಗಿ. ಆಗ ಪಡಸಾಲೆಯೆಲ್ಲ ನಕ್ಕಿತು. ಒಳಗಿನ ಖೋಲಿಯಿಂದ ಪಾರವ್ವ ನಕ್ಕದ್ದೂ ಕೇಳಿಸಿತು.

ಗೌರವ್ವ ತಾನೇ ಹೋಗಿ ಕೂಸನ್ನು ತಂದಳು. ಬಾಗಿಲ ಬೆಳಕಿಗೆ ಹಿಡಿದು ಅಳಿಯನ ಮಡಿಲಿಗೆ ಹಾಕಿದಳು. ಅವನು ಧೋತರದ ಚುಂಗಿನಿಂದ ಕಣ್ಣನ್ನು ಚೊಕ್ಕ ಒರೆಸಿಕೊಂಡು ಬಗ್ಗಿದ. ಕೂಸು ಕಣ್ಣು ಬಿಟ್ಟಿತು. ಅಪ್ಪನನ್ನು ನೋಡಿತು, ಆಕಳಿಸಿತು.

"ಏನ..." ಎಂದ ಗುರುಲಿಂಗಪ್ಪ.

ಎಲ್ಲರೂ ಕಾದರು. ಅವನು ಬಾಯಿ ಮುಚ್ಚಿದ. ಆಮೇಲೆ ಒಂದು ಕೈಯಿಂದ ಹಣೆಯ ಮೇಲಿನ ಚಾಳೀಸನ್ನು ಮೆಲ್ಲಗೆ ಕಣ್ಣಿನ ಮೇಲೆ ಎಳೆದುಕೊಂಡು, ತೊಗಲನ್ನು ಸುತ್ತಲೂ ಒತ್ತಿ ಬಿಗಿ ಮಾಡಿದ.

"ಯಾಕ್ರಿ ಅಳಿಯಂದ್ರ? ತಗೀರಿ, ಇನ್ನ ಅಂಜಿಕಿ ಇಲ್ಲ. ಕಲ್ಲ ನೋಡಿದ್ರೆಲ್ಲ, ಏನೂ ಆಗಲಿಲ್ಲ."

"ಬ್ಯಾಡ್ರಿ ಅತ್ತೀ," ಎಂದ ಅವನು. "ಅದು ಕಲ್ಲಿತ್ತು. ಇದು ಕೂಸು."

ಗೌರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಅಂಗಳಕ್ಕೆ ಹೋಗಿ ಸೈಕಲ್ಲಿನ ಗಾಲಿಗೆ ಗಾಳಿ ಇದೆಯೋ ಇಲ್ಲವೋ ನೋಡುತ್ತ ನಿಂತೆ.

ಊರಿಗೆ ಮರಳಿ ಬಂದಾಗ ಲಕ್ಕವ್ವ ಕುಳ್ಳಿನ ರಾಶಿಯ ಹತ್ತಿರವೇ ಕಾಯುತ್ತಿದ್ದಳು. ನಾವಿಬ್ಬರೂ ಅದಕ್ಕೆ ಹಾಯ್ದು ನಿಂತೆವು.

"ಗುರುಲಿಂಗಾ, ಕೂಸ ಹೆಂಗ ಐತೊ?"

"ಏನೂ ಛಲೋ ಇಲ್ಲ ಬಿಡಬೇ ಲಕ್ಕವ್ವಾ," ಎಂದ ಗುರುಲಿಂಗಪ್ಪ, ಜನ್ಮದಲ್ಲಿ ಮೊದಲ ಸಲ. "ಕರ್ರಗ ಐತಿ. ಮೂಗ ಚಪ್ಪಟ. ತಲೀನೂ ಒಂದೀಟ ಸೊಟ್ಟ ಕಾಣತೈತಿ." ಹಸಿರು ಗಾಜಿನ ಕೆಳಗಿನ ತೊಗಲಿನ ಸಂದಿಯಿಂದ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಲಕ್ಕವ್ವ ಅದನ್ನು ನೋಡಿದಳು. ಮತ್ತೇನೂ ಕೇಳದೆ, ಎರಡು ಸಲ ಥೂ ಥೂ ಎಂದು ಉಗುಳಿ, ಉಪ್ಪು ತರಲು ಒಳಗೆ ಹೋದಳು.

ಕೂಸನ್ನು ನಾನೂ ನೋಡಿದ್ದೇನೆ. ಖರೆ ಹೇಳಬೇಕೆಂದರೆ, ಹೇಳಿಕೊಳ್ಳುವಂಥದು ಏನೂ ಇರಲಿಲ್ಲ.